ಅಡುಗೆಮನೆಯಲ್ಲಿ ಎರಡು ಮೊಲ

ಒಂದೇ ಮೊಲ ಇದ್ದರೆ ಅದಕ್ಕೆ ಬೇಸರವಾಗುತ್ತದಂತೆ. ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಬೇಸರಪಡಲು ಪುರುಸೊತ್ತಿದ್ದ ಜೀವ ಅದೊಂದೇ. ಅದರ ಕಷ್ಟ ನೋಡಲಾರದೆ ನಮ್ಮ ಯಜಮಾನರು ಅದು ಬಂದ ಹದಿನೈದು ದಿನದ ಮೇಲೆ ಕಂಪ್ಲಿಯಿಂದ ಇನ್ನೊಂದನ್ನು ತಂದರು. "ಎರಡೂ ಹೆಣ್ಣು, ಮರಿ ಹಾಕೋ ಚಿಂತಿ ಇಲ್ಲ. ಅಕ್ಕ-ತಂಗಿ ಹಂಗ ಇರ್ತಾವು" ಎಂದು ಮೊದಲಿನ ಮೊಲ ಚುಕ್ಕಿಯ ಗೂಡಿಗೇ ಹೊಸದಾದ ಬೆಣ್ಣಿಯನ್ನೂ ಬಿಟ್ಟು, ಕೈ ತೊಳೆದುಕೊಂಡು ಡ್ಯೂಟಿಗೆ ಹೋದರು.

ಅಕ್ಕ ತಂಗಿಯ ಕಿವಿ ಹರಿದಳು. ಗೂಡಿನ ತುಂಬ ರೋಮ. ನಾನು ಹೊಲಿಗೆ ಮಷಿನ್ ಬಿಟ್ಟು ಓಡಿ ಬಿಡಿಸುವಷ್ಟರಲ್ಲಿ ನನಗೂ ಒಂದು ಕಡಿತ ಬಿತ್ತು.

ಅತ್ತೆ ಕೊಟ್ರಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು. "ಮೊದ್ಲು ಬಂದಾಕಿ ಹೇಳಿದಂಗ ಹಿಂದ ಬಂದಾಕಿ ಕೇಳಬೇಕವಾ."

ಮೊಲದ ಕಡೆ ನೋಡಿ ಹೇಳಿದ್ದರೆ ನನ್ನದೇನೂ ತಕರಾರಿರಲಿಲ್ಲ. ಹದಿನಾಲ್ಕು ವರ್ಷದಿಂದ ಆ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಜಾಗ ಅವರದೇ ತೀರ್ಮಾನ. ನಾನು ಒಂದು ಗೇಣು ಸರಿಸಿಟ್ಟರೂ ಸಂಜೆಯೊಳಗೆ ಅದು ತವರಿಗೆ ಹೋಗಿರುತ್ತದೆ.

ಯಜಮಾನರು ಬಂದು ಕಿವಿ ನೋಡಿದರು. "ಭಾನುವಾರದೊಳಗ ಹೊಂದ್ಕೊಂಡ್ರ ಸರಿ. ಇಲ್ಲಾಂದ್ರ ಹಿಂದ ಬಂದದ್ದು ವಾಪಸ್ ಕಂಪ್ಲಿಗೆ."

ಮಗಳು ಸ್ಫೂರ್ತಿ ಊಟ ಬಿಟ್ಟಳು.

ಮರುದಿನ ಅರ್ಧ ಹೊಲಿದ ರವಿಕೆಗಳನ್ನು ಹಾಗೇ ಬಿಟ್ಟು, ಮೊಲಕ್ಕೊಂದರಂತೆ ರಟ್ಟಿನ ಡಬ್ಬಿ ಹಿಡಿದು ದನದ ದವಾಖಾನೆಗೆ ಹೋದೆ. ಡಾಕ್ಟರಮ್ಮ ಮುಲಾಮು ಹಚ್ಚುತ್ತ ನಕ್ಕರು. "ಒಬ್ಬಾಕಿ ಗೂಡಿನಾಗ ಇನ್ನೊಬ್ಬಾಕೀನ ಹಾಕಿದ್ರ ಸುಮ್ನಿರ್ತಾಳೇನ್ರಿ? ಇಬ್ರೂ ಕಾಲಿಡದಿರೋ ಜಾಗದಾಗ ಬಿಟ್ಟು ನೋಡ್ರಿ."

ನಮ್ಮ ಮನೆಯಲ್ಲಿ ಚುಕ್ಕಿ ಕಾಲಿಡದ ಜಾಗ ಒಂದೇ. ಅದನ್ನು ಅತ್ತೆಗೆ ಹೇಳುವ ಧೈರ್ಯ ನನಗಿರಲಿಲ್ಲ; ಸ್ಫೂರ್ತಿ ಹೇಳಿದಳು.

"ನನ್ನ ಅಡಗಿಮನ್ಯಾಗ ಮೊಲಾನ? ಹುಚ್ಚು ಹಿಡದೈತೇನ್ ನಿಂಗ?" ಎಂದವರು ಮೊಮ್ಮಗಳು ಮುಟ್ಟದ ತಟ್ಟೆ ನೋಡಿದರು. ಸ್ವಲ್ಪ ಹೊತ್ತಿಗೆ ಒಲೆ, ಸಿಲಿಂಡರ್, ಡಬ್ಬಿಗಳೆಲ್ಲ ಹಿತ್ತಲ ತಗಡಿನ ಕೆಳಗೆ ಬಂದವು.

ಮೊದಲ ದಿನ ಮೊಲಗಳು ಒಂದೊಂದು ಮೂಲೆ ಹಿಡಿದವು. ಹಿತ್ತಲಲ್ಲಿ ಅತ್ತೆ, ನಾನೂ ಅಷ್ಟೇ. ಮರುದಿನ ಒಂದೇ ಕೊತ್ತಂಬರಿ ಕಟ್ಟನ್ನು ಆ ತುದಿ ಈ ತುದಿಯಿಂದ ತಿಂದವಂತೆ, ಸ್ಫೂರ್ತಿ ಬಂದು ವರದಿ ಕೊಟ್ಟಳು. ಅದರ ಮರುದಿನ ಅತ್ತೆ ಕುದಿಯುವ ಸಾರಿನ ಮುಂದೆ ಸೌಟು ಹಿಡಿದು ತಡವರಿಸಿದರು.

"ಏನವಾ, ಉಪ್ಪಿನ ಡಬ್ಬಿ ಎಲ್ಲಿಟ್ಟಿ?"

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ನಾನು ತಕ್ಷಣ ಹೇಳಲಿಲ್ಲ; ಅಷ್ಟು ದೊಡ್ಡ ಮನಸ್ಸು ನನ್ನದಲ್ಲ. ಇನ್ನೊಮ್ಮೆ ಕೇಳಲಿ ಎಂದು ಕಾದು, ಆಮೇಲೆ ಕೊಟ್ಟೆ.

ಭಾನುವಾರ ಬಾಗಿಲು ತೆಗೆದರೆ ಚುಕ್ಕಿ ಬೆಣ್ಣಿಯ ಹರಿದ ಕಿವಿ ನೆಕ್ಕುತ್ತಿತ್ತು. ಸ್ಫೂರ್ತಿ ಎರಡೆರಡು ಸಲ ಅನ್ನ ಹಾಕಿಸಿಕೊಂಡಳು.

"ನಾ ಹೇಳಿರಲಿಲ್ಲ, ಅಕ್ಕ-ತಂಗಿ ಹಂಗ ಅಂತ?" ಬೆರಳೂ ಅಲ್ಲಾಡಿಸದ ಯಜಮಾನರು ಬೀಗಿದರು. ಆ ಹುರುಪಿನಲ್ಲೇ ಸಿಲಿಂಡರ್ ಒಳಗೊಯ್ಯಲು ಬಗ್ಗಿದರು.

"ಇರ್ಲಿ ಬಿಡಪ" ಎಂದರು ಅತ್ತೆ. "ಇನ್ನೂ ನಾಕು ದಿನ ಇಲ್ಲೇ ಇರ್ಲಿ. ಅವಕ್ಕ ಪೂರ್ತಿ ಹೊಂದಿಕಿ ಆಗಿಲ್ಲ."

"ಹೌದ್ರಿ, ಭಾಳ ಜಗಳ ಆಡ್ತಾವು" ಎಂದೆ ನಾನೂ.

ಒಳಗೆ ಮೊಲಗಳು ಒಂದಕ್ಕೊಂದು ಒರಗಿ ನಿದ್ದೆ ಹೋಗಿದ್ದವು.