ಬಾರ್ಲಿ ಕೂರುವ ಜಾಗ

“ಬಾರ್ಲಿ ಕೂತಮೇಲೆ ನೀರು ಎಲ್ಲಿಗೆ ಹೋಗಬೇಕು?”

ಲಿಂಡ್ಸೆ ಕೇಳಿದ್ದು ಯಾರನ್ನೂ ಅಲ್ಲ. ಭಾನುವಾರ ಸಂಜೆ ಶೆಡ್ಡಿನಲ್ಲಿ ಅವನೊಬ್ಬನೇ ಮೊಣಕಾಲೂರಿ, ನೆಲಕ್ಕೆ ಅಂಟಿ ಒಣಗಿದ್ದ ಬಾರ್ಲಿ ನುಚ್ಚನ್ನು ಕೆರೆಯುತ್ತಿದ್ದ.

ಶೆಡ್ಡಿನಲ್ಲಿ ಅವರೇ ಮಾಡುವ ಬಿಯರಿಗೆ ನೀರು, ಬಾರ್ಲಿಯ ಲೆಕ್ಕ ಯಾವಾಗಲೂ ಅವನದು. ಸುರಿಯುವುದು, ಕಲಕುವುದು ಗೆಳೆಯ ನೆವಿಲ್‌ನದು. ಶನಿವಾರವೂ ಹಾಗೇ ಆಯಿತು. ನೆವಿಲ್‌ನ ಮಗಳ ಮದುವೆಗೆಂದು ಈ ಸಲ ಹೆಚ್ಚು ಬೇಕಿತ್ತು. ಹನ್ನೊಂದು ಕಿಲೋ ನುಚ್ಚು ಹೀರುವುದು ಇಷ್ಟು, ಕುದಿಯುವಾಗ ಆವಿಯಾಗುವುದು ಇಷ್ಟು ಎಂದು ಕೂಡಿಸಿ, ಐವತ್ತು ಲೀಟರಿನ ಹಂಡೆಯಲ್ಲಿ ನಲವತ್ನಾಲ್ಕು ಲೀಟರ್ ನೀರು ಕಾಯಿಸಿದ್ದ. ಬಾರ್ಲಿ ಕುಡಿಯುವುದನ್ನು ಎಣಿಸಿದವನು, ಅದಕ್ಕೆ ಕೂರಲೂ ಜಾಗ ಬೇಕೆಂಬುದನ್ನು ಮರೆತಿದ್ದ. ನೆವಿಲ್ ನುಚ್ಚಿನ ಕೊನೆಯ ಬಕೆಟ್ ಸುರಿದದ್ದೇ ತಡ, ಬಿಸಿನೀರು ಅಂಚು ದಾಟಿ ಅವನ ಎಡಗಾಲ ಮೇಲೆ ಇಳಿಯಿತು. ಕಾಲಲ್ಲಿದ್ದದ್ದು ಬರೀ ರಬ್ಬರ್ ಚಪ್ಪಲಿ.

ಹೋಬಾರ್ಟಿನ ಆಸ್ಪತ್ರೆಯ ದಾರಿಯುದ್ದಕ್ಕೂ ನೆವಿಲ್ ತನ್ನನ್ನೇ ಬೈದುಕೊಂಡ. ಅವಸರ ಮಾಡಿದೆ, ಒಂದೇ ಸಲ ಸುರಿದುಬಿಟ್ಟೆ, ನನ್ನ ಕೈಯೇ ಇಷ್ಟು ಎಂದ. ಕಾರು ಓಡಿಸುತ್ತಿದ್ದ ಲಿಂಡ್ಸೆ ಅಲ್ಲ ಎನ್ನಲಿಲ್ಲ. ಮರುದಿನ ಚರ್ಚಿನಲ್ಲಿ ಎಲ್ಲರೂ ಒಂದೇ ದನಿಯಲ್ಲಿ ಕ್ಷಮೆ ಬೇಡುವಾಗ, ಹುಟ್ಟಿದಾಗಿನಿಂದ ಕೇಳಿದ ಆ ಸಾಲುಗಳು ಅವನ ನಾಲಿಗೆಗೆ ಬರಲಿಲ್ಲ. ತಲೆ ಬಗ್ಗಿಸಿ ನಿಂತಿದ್ದ. ಪಕ್ಕದವರು ಭಕ್ತಿಯೆಂದುಕೊಂಡಿರಬೇಕು.

ಸೋಮವಾರ ಬಿಸಿ ಮಾಂಸದ ಪೈ ಹಿಡಿದು ನೆವಿಲ್‌ನ ಮನೆಗೆ ನೋಡಲು ಹೋದ. ನೆವಿಲ್ ಬ್ಯಾಂಡೇಜಿನ ಕಾಲನ್ನು ದಿಂಬಿನ ಮೇಲೆ ಚಾಚಿಕೊಂಡಿದ್ದ.

“ಬಾ ಮಾರಾಯ. ಆ ಬಿಯರಿಗೆ ನನ್ನ ಹೆಸರೇ ಇಡು, ಕಾಲು ಬೇಯಿಸಿ ಮಾಡಿದ್ದು.”

ಅವನ ಹೆಂಡತಿ ರೇಲೀನ್ ನಗಲಿಲ್ಲ. ಅಪ್ಪ ಬೆಳಿಗ್ಗೆಯೇ ಕುಡಿದು ಶೆಡ್ಡಿಗೆ ಹೋಗಿದ್ದನೆಂದು ಮಗಳು ನಂಬಿದ್ದಾಳಂತೆ. ಎಷ್ಟು ಹೇಳಿದರೂ ಕೇಳಲಿಲ್ಲ. ಮದುವೆಯ ದಿನ ಚರ್ಚಿನೊಳಗೆ ತನ್ನ ಕೈಹಿಡಿದು ಕರೆತರಲು ಅಪ್ಪನ ಬದಲು ಚಿಕ್ಕಪ್ಪನಿಗೆ ಹೇಳಿಬಿಟ್ಟಿದ್ದಾಳೆ. ಇದನ್ನು ರೇಲೀನ್ ಹೇಳುವಷ್ಟು ಹೊತ್ತೂ ನೆವಿಲ್ ತನ್ನ ಕಾಲ ಬೆರಳುಗಳನ್ನೇ ನೋಡುತ್ತಿದ್ದ. ಕುಡಿದಿರಲಿಲ್ಲ ಅಂತ ಒಂದು ಸಲ ಅಂದ, ಅದೂ ಮೆಲ್ಲಗೆ.

“ಇವನ ಕೈಗೆ ಕೊಟ್ಟಿದ್ದು ಯಾವುದು ತಾನೇ ನೆಟ್ಟಗೆ ಉಳಿದಿದೆ?” ಎಂದಳು ರೇಲೀನ್. “ನನ್ನ ಮಾತು ಕೇಳಲ್ಲ ಲಿಂಡ್ಸೆ, ನಿಂದಾದ್ರೆ ಕೇಳ್ತಾನೆ. ‘ತಪ್ಪು ನಿಂದೇ, ಇನ್ನು ಹಂಡೆ ಹತ್ರ ಬರಬೇಡ’ ಅಂತ ಇವನ ಮುಖಕ್ಕೇ ಹೇಳಿಬಿಡು.”

“ಹೇಳು ಮಾರಾಯ,” ಎಂದ ನೆವಿಲ್. “ಹೇಳಿ ಮುಗಿಸು, ಇವಳಿಗೂ ಸಮಾಧಾನ ಆಗ್ಲಿ.”

ಲಿಂಡ್ಸೆಯ ತೊಡೆಯ ಮೇಲೆ ಪೈ ಇನ್ನೂ ಬೆಚ್ಚಗಿತ್ತು. ಅದನ್ನು ಮೇಜಿನ ಮೇಲಿಟ್ಟ.

“ನಾನು ಹೇಳಲ್ಲ ರೇಲೀನ್. ನೀರು ಜಾಸ್ತಿ ಇಟ್ಟವನು ನಾನು. ಯಾರು ಸುರಿದಿದ್ರೂ ಅದು ಉಕ್ಕೋದೇ. ತಪ್ಪು ಇವನದು ಅಂತ ಮಾತ್ರ ನಾನು ಹೇಳಲ್ಲ.”