ಶುಕ್ರವಾರದ ಕೆಂಪು

ತೀರಿಕೊಂಡಿದ್ದ ಗಂಡನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಉಗುರುಸಂದಿಯ ಕಪ್ಪನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಲೇ ಇದ್ದಳು.

"ಬಿಡಿ ಅತ್ತಿಗೆ, ಮೂವತ್ತು ವರ್ಷದ ಲೇತ್ ಮಷೀನಿನ ಮಸಿ, ಹೋಗಲ್ಲ ಅದು," ಎಂದ ವರ್ಕ್‌ಶಾಪಿನ ಗೆಳೆಯ. ಬಾಗಿಲಲ್ಲಿ ನಿಂತವರ ಕಡೆ ತಿರುಗಿ, "ಇವನನ್ನ ಮಿಲಿಮೀಟರ್ ಅಂತಲೇ ಕರೀತಿದ್ವಿ. ಕಡೆದ ಕಬ್ಬಿಣಾನ ಹೆಬ್ಬೆರಳಲ್ಲಿ ಸವರಿ ಕೂದಲೆಳೆಯಷ್ಟು ಹೆಚ್ಚಿದೆ ಅಂದ್ರೆ ಹೆಚ್ಚೇ ಇರ್ತಿತ್ತು. ಕಣ್ಣು ಮಂಜಾದ ಮೇಲೂ ನಾಲ್ಕು ವರ್ಷ ಹಾಗೇ ದೂಡಿದ," ಎಂದ. ಯಾರೋ ನಕ್ಕು, ತಕ್ಷಣ ತಲೆ ತಗ್ಗಿಸಿದರು.

ಮಗಳು ನಗಲಿಲ್ಲ. ಅಪ್ಪನ ಬಲಗಣ್ಣಿಗೆ ಕಟ್ಟಿದ್ದ ಪಟ್ಟಿಯನ್ನೇ ನೋಡುತ್ತಿದ್ದಳು.

"ಅಮ್ಮಾ, ಅವತ್ತು ಭಾನುವಾರ ನಾನು ಬಂದಾಗ ಅಪ್ಪ ಕರಿ ಕನ್ನಡಕ ತೆಗೀಲೇ ಇಲ್ಲವಲ್ಲ, ಯಾಕೆ?"

"ಬೆಳಕು ಚುಚ್ಚುತ್ತೆ ಅಂದ್ರು."

"ಕೆಂಪಾಗಿದ್ದು ಸೋಮವಾರ ಅಂತ ಡಾಕ್ಟರಿಗೆ ಹೇಳಿದೆ ನೀನು."

ಅಮ್ಮ ಬಟ್ಟೆ ಹಿಂಡಿ ಮತ್ತೆ ಉಗುರು ಉಜ್ಜತೊಡಗಿದಳು.

*

ಅವನ ಎಡಗಣ್ಣು ಹುಟ್ಟಿನಿಂದಲೇ ಕುರುಡು. ಕಬ್ಬಿಣದ ಚೂರು ಸಿಡಿದು ಮಂಜಾಗಿದ್ದ ಬಲಗಣ್ಣಿಗೆ ಸತ್ತವರೊಬ್ಬರ ಕಣ್ಣಿನ ಕಾರ್ನಿಯಾ ಪಟಲ ಹೊಲಿದಿದ್ದರು. ಪಟ್ಟಿ ಬಿಚ್ಚಿದ ದಿನ ಹೆಂಡತಿಯನ್ನು ದಿಟ್ಟಿಸಿ, "ಯಾರಪ್ಪ ಈ ಮುದುಕಿ?" ಎಂದು ನಕ್ಕಿದ್ದ.

ಆಪರೇಷನ್ ಆದ ಹನ್ನೊಂದನೆಯ ದಿನ, ಶುಕ್ರವಾರ ಬೆಳಿಗ್ಗೆ, ಔಷಧಿಯ ಹನಿ ಹಾಕಲು ಹೋದವಳಿಗೆ ಆ ಕಣ್ಣು ಕೆಂಡದಂತೆ ಕಂಡಿತು. ಮೂಲೆಯಲ್ಲಿ ಕೀವು.

"ನಡೀರಿ ಆಸ್ಪತ್ರೆಗೆ. ಕೆಂಪಾದ್ರೆ ಒಂದು ಗಂಟೇನೂ ಕಾಯಬೇಡಿ ಅಂದಿದ್ದಾರೆ."

ಅವನು ಅವಳ ಮುಂಗೈ ಹಿಡಿದುಕೊಂಡ. ಎರಡು ತಿಂಗಳ ಮೊಮ್ಮಗಳನ್ನು ಮಗಳು ಮೊದಲ ಸಲ ಕರೆತರುವವಳಿದ್ದಳು.

"ಹೋದ್ರೆ ಮತ್ತೆ ಕಟ್ಟಿಬಿಡ್ತಾರೆ ಕಣೇ. ಭಾನುವಾರ ಮಗು ಬರುತ್ತೆ. ಒಂದೇ ಒಂದ್ಸಲ ನೋಡ್ಕೊಂಡುಬಿಡ್ತೀನಿ. ಎರಡೇ ದಿನ."

ಅವನು ಬೇಡಿಕೊಂಡದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಹೂಂ ಅಂದುಬಿಟ್ಟಳು.

ಭಾನುವಾರದ ಹೊತ್ತಿಗೆ ಅವನ ಕಣ್ಣೆದುರು ಬರೀ ಬಿಳುಪು. ಅದು ಅವಳೊಬ್ಬಳಿಗೇ ಗೊತ್ತಿತ್ತು. ಮಗುವಿನ ಕಿವಿಯನ್ನು ಹೆಬ್ಬೆರಳಲ್ಲಿ ಸವರಿ, "ಕಿವಿ ಮಾತ್ರ ನಂದೇ!" ಎಂದ.

ಸೋಮವಾರ ಆಸ್ಪತ್ರೆಯಲ್ಲಿ ಆ ಕಣ್ಣನ್ನೇ ತೆಗೆದುಹಾಕಿದರು. ಮೊದಲೇ ಸಕ್ಕರೆ ಕಾಯಿಲೆಯ ಮೈ. ಸೋಂಕು ರಕ್ತಕ್ಕೂ ಏರಿತ್ತು. ಒಂಬತ್ತು ದಿನ ಜ್ವರದಲ್ಲಿ ಬೆಂದ.

*

ಹೊರಗೆ ಗಾಡಿ ಬಂದು ನಿಂತಿತು. "ಇನ್ನು ಎತ್ತೋಣವಾ ಅತ್ತಿಗೆ?" ಎಂದ ಗೆಳೆಯ.

"ಶುಕ್ರವಾರ," ಎಂದಳು ಅವಳು, ಮಗಳಿಗಷ್ಟೇ ಕೇಳುವಂತೆ. "ಕೆಂಪಾಗಿದ್ದು ಶುಕ್ರವಾರ. ಮಗೂನ ನೋಡೋವರೆಗೂ ಬೇಡ ಅಂದ್ರು. ನಾನೂ ಒಪ್ಪಿಬಿಟ್ಟೆ."

ಮಗಳು ಅಮ್ಮನ ಎರಡೂ ತೋಳು ಹಿಡಿದಳು. ಉಗುರು ನಾಟುವಷ್ಟು.

"ನೋಡಿದ್ರು ಅಲ್ವಾ? ಅಷ್ಟಾದ್ರೂ ಆಯ್ತಲ್ಲ? ಕಿವಿ ನಂದೇ ಅಂದ್ರಲ್ಲಮ್ಮ. ಹೇಳು, ನೋಡಿದ್ರು ಅಲ್ವಾ?"

ಒಳಕೋಣೆಯಲ್ಲಿ ಮಗು ಎಚ್ಚೆತ್ತು ಅಳತೊಡಗಿತು. ಮಗಳ ಎದೆಯ ಬಟ್ಟೆ ಹಾಲಿನಿಂದ ಒದ್ದೆಯಾಗುತ್ತಿತ್ತು. ಅವಳು ಏಳದೆ ಅಮ್ಮನ ತುಟಿಗಳನ್ನೇ ನೋಡುತ್ತಿದ್ದಳು.