ಗುರವ್ವ ಸಹಿ ಹಾಕಲಿಲ್ಲ

ವಿಠ್ಠಲ ಸತ್ತ ಮೂರನೆಯ ದಿನ ಗುತ್ತಿಗೆದಾರ ಆನಂದ್ ಒಂದು ಕಾಗದ ಹಿಡಿದುಕೊಂಡು ಬಂದ. ಸುಂಕದಕಟ್ಟೆಯ ಆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಕಾರು ನಿಲ್ಲಿಸುವ ಜಾಗದ ಪಕ್ಕದ ಕೋಣೆಯಲ್ಲಿ, ಗುರವ್ವ ಗೋಡೆಗೆ ಒರಗಿ ಕೂತಿದ್ದಳು. ಗಂಡ ಹೆಂಡತಿ ಯಾದಗಿರಿ ಕಡೆಯಿಂದ ಬಂದು ನಾಲ್ಕು ವರ್ಷವಾಗಿತ್ತು. ಅವಳು ಮೆಟ್ಟಿಲು ಒರೆಸುತ್ತಿದ್ದಳು, ಅವನು ಗಿಡ, ಕಸ, ಪಂಪು ನೋಡಿಕೊಳ್ಳುತ್ತಿದ್ದ. ಭಾನುವಾರ ಕೊಳಚೆ ನೀರಿನ ಟ್ಯಾಂಕು ಕಟ್ಟಿಕೊಂಡಾಗ ಆನಂದ್ ಅವನನ್ನು ಒಳಗೆ ಇಳಿಸಿದ್ದ. ಮುಖಕ್ಕೊಂದು ಟವೆಲ್ಲು ಬಿಟ್ಟರೆ ಬೇರೇನೂ ಕೊಟ್ಟಿರಲಿಲ್ಲ. ವಿಷಗಾಳಿಗೆ ಉಸಿರು ಕಟ್ಟಿ ವಿಠ್ಠಲ ಅಲ್ಲೇ ಸತ್ತ. ಮೇಲೆ ಹಗ್ಗ ಹಿಡಿದು ನಿಂತಿದ್ದ ಜೊತೆ ಕೆಲಸಗಾರ ಕೊಟ್ರಪ್ಪ ಅವತ್ತೇ ಕೆಲಸ ಬಿಟ್ಟು ಓಡಿಹೋಗಿದ್ದ.

"ನೋಡಮ್ಮ, ವಿಠ್ಠಲ ಕುಡಿದಿದ್ದ, ಯಾರೂ ಹೇಳ್ದೆ ಅವನಾಗೇ ಇಳಿದ ಅಂತ ಬರೆಸಿದೀನಿ. ಒಂದು ಸಹಿ ಹಾಕು. ರೂಮು ಇಲ್ಲೇ ಇರ್ಲಿ, ಕೆಲ್ಸಾನೂ ಇರುತ್ತೆ," ಎಂದ ಆನಂದ್.

"ಅಂವ ಕುಡೀತಿರಲಿಲ್ಲರಿ."

"ಈಗ ಅದನ್ನ ಕಟ್ಕೊಂಡು ಅವನಿಗೇನಾಗ್ಬೇಕು?"

"ಅಂವಗ ಏನೂ ಆಗಬೇಕಿಲ್ಲ. ನನಗ ಆಗಬೇಕು. ನಾ ಸಹಿ ಹಾಕೂದಿಲ್ಲ."

ಸಂಜೆಯೊಳಗೆ ಕೋಣೆ ಖಾಲಿ ಮಾಡು ಎಂದು ಹೇಳಿ ಅವನು ಹೋದ.

ಗುರವ್ವನ ಗಂಟು ಹೊತ್ತುಕೊಂಡು ಹೋದವಳು ಅಣ್ಣಮ್ಮ. ಅದೇ ಅಪಾರ್ಟ್‌ಮೆಂಟಿನ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ, ಅರವತ್ತು ದಾಟಿದ ಹೆಂಗಸು. ಹೇರೋಹಳ್ಳಿಯಲ್ಲಿ ಅವಳದೊಂದು ಶೀಟಿನ ಮನೆ. ಗೋಡೆಯ ಮೇಲಿದ್ದ ಮರದ ಶಿಲುಬೆಯನ್ನು ನೋಡುತ್ತಲೇ ಗುರವ್ವ ಬಾಗಿಲಲ್ಲೇ ನಿಂತಳು.

"ಅಣ್ಣಮ್ಮಾ, ಯಾವ ದೇವರ ಹೆಸರೂ ನನ್ನ ಮುಂದ ಎತ್ತಬ್ಯಾಡ್ರಿ. ನಮ್ಮವು ಬಂದು ಕಾಯಲಿಲ್ಲ, ನಿಮ್ಮಂವನೂ ಬರಲಿಲ್ಲ."

"ಎತ್ತಲ್ಲ. ಮೊದ್ಲು ಒಳಗ್ ಬಂದು ಉಣ್ಣು."

ಅಣ್ಣಮ್ಮ ಮಾತಿಗೆ ತಪ್ಪಲಿಲ್ಲ. ಇಪ್ಪತ್ತು ದಿನ ಒಬ್ಬಳೇ ಮಂಡಿಯೂರಿ ಪ್ರಾರ್ಥಿಸಿ ಎದ್ದು ಕೆಲಸಕ್ಕೆ ಹೋದಳು. ಒಂದು ಬೆಳಿಗ್ಗೆ ಗುರವ್ವನೇ ತಡೆಯಲಾರದೆ ಶಿಲುಬೆಯ ಕಡೆ ಕೈ ತೋರಿಸಿ ಬಾಯಿಗೆ ಬಂದಂತೆ ಬೈದಳು. ಅಣ್ಣಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಬೈಯಿ. ನನ್ನ ಮಗ ತೀರ್ಕೊಂಡಾಗ ನಾನೂ ಒಂದು ವರ್ಷ ಯೇಸುನ ಬೈದಿದೀನಿ. ಬೈಸ್ಕೊಂಡ. ಎದ್ದು ಹೋಗ್ಲಿಲ್ಲ."

"ಅಂವಗೇನು ಗೊತ್ತು ನಮ್ಮ ಸಂಕಟ?"

"ಗೊತ್ತು ಕಣೇ. ಅವನ ಮೇಲೂ ಸುಳ್ಳು ಸಾಕ್ಷಿ ಹೇಳ್ಸಿ ಕೊಂದ್ರು. ಜೊತೆಗಿದ್ದೋರು ಓಡೋದ್ರು. ಅವನ ತಾಯಿ ನಿಂತ್ಕೊಂಡು ನೋಡ್ಬೇಕಾಯ್ತು."

ಇಷ್ಟು ವರ್ಷ ಗುರವ್ವ ಕಂಡ ದೇವರುಗಳೆಲ್ಲ ಬೆಳ್ಳಿ ಮುಖವಾಡ ಹಾಕಿಕೊಂಡು ಎತ್ತರದಲ್ಲಿ ಕೂತವರು. ಅವಳ ಕೇರಿಯವರನ್ನು ಹೊಸ್ತಿಲಿನಾಚೆಯೇ ನಿಲ್ಲಿಸಿದವರು. ಸುಳ್ಳು ಸಾಕ್ಷಿಗೆ ಸತ್ತ ದೇವರೊಬ್ಬನಿದ್ದಾನೆಂದು ಯಾರೂ ಹೇಳಿರಲಿಲ್ಲ. ಆ ಭಾನುವಾರ ಅವಳೇ ಸೀರೆ ಬದಲಿಸಿ ಅಣ್ಣಮ್ಮನ ಜೊತೆ ಪ್ರಾರ್ಥನೆಗೆ ಹೊರಟು ನಿಂತಳು.

ಮಾಗಡಿ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ಪ್ರಾರ್ಥನಾ ಹಾಲ್‌ನಲ್ಲಿ ಮೂವತ್ತು ಜನ ಸೇರುತ್ತಿದ್ದರು. ಪಾಸ್ಟರ್ ಮುರುಗೇಶ್ ಅಂದು ಯೇಸು ಹೇಳಿದ ಒಂದು ಕತೆ ಹೇಳಿದರು. ಯಾರಿಗೂ ಹೆದರದ, ದೇವರಿಗೂ ಬಗ್ಗದ ಒಬ್ಬ ನ್ಯಾಯಾಧೀಶ. ಅವನ ಹತ್ತಿರ ನ್ಯಾಯ ಕೇಳಿಕೊಂಡು ದಿನಾ ಬರುವ ಒಬ್ಬ ವಿಧವೆ. ಅವಳ ಕಾಟ ತಾಳಲಾರದೆ ಕೊನೆಗೆ ಅವನು ನ್ಯಾಯ ಕೊಟ್ಟ.

"ಹಾಗೇ ನಾವೂ ಬೇಸರವಿಲ್ಲದೆ ಪ್ರಾರ್ಥನೆ ಮಾಡ್ಬೇಕು," ಎಂದರು ಪಾಸ್ಟರ್.

ಹಿಂದಿನ ಸಾಲಿನಿಂದ ಗುರವ್ವ ಎದ್ದಳು. "ಪಾಸ್ಟರ್ ಅಣ್ಣಾರ, ಆಕಿ ಬರೇ ಮನ್ಯಾಗ ಕುಂತು ಪ್ರಾರ್ಥನಾ ಮಾಡಿದ್ಳೇನ್ರಿ?"

"ಅಂದ್ರೆ?"

"ಅವನ ಬಾಗಲಿಗೆ ಹೋದ್ಲಲ್ರಿ. ದಿನಾ ಹೋದ್ಲು. ಅದನ್ನ ನೀವು ದಾಟಿಸಿಬಿಟ್ರಿ."

ಮರುದಿನ ಸೋಮವಾರ ಬೆಳಿಗ್ಗೆ ಅವಳು ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಳು. ಕುಡಿದು ತಾನಾಗೇ ಇಳಿದು ಸತ್ತದ್ದು ಅಂತ ಆನಂದ್ ಹೇಳಿಕೆಯ ಮೇಲೆ ಬರೆದಾಗಿದೆ, ಮತ್ತೇನು ಎಂದರು ಪೊಲೀಸರು. ಅದು ಸುಳ್ಳು, ನಾನು ಹೇಳಿದ್ದನ್ನು ಬರೆದುಕೊಳ್ಳಿ ಎಂದಳು. ನಾಳೆ ಬಾ ಎಂದರು. ನಾಳೆ ಹೋದಳು. ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುವ ಕೆಲಸ ಸಿಕ್ಕಿದ ಮೇಲೆ ಬೆಳಿಗ್ಗೆ ಒಂದು ಗಂಟೆ ಅಲ್ಲಿ ಕೂತು ಆಮೇಲೆ ಕೆಲಸಕ್ಕೆ ಹೋಗತೊಡಗಿದಳು.

ಪಾಸ್ಟರಿಗೆ ಭಯವಾಯಿತು. ಮತಾಂತರ ಮಾಡಿಸುತ್ತಾರೆಂದು ಪ್ರಾರ್ಥನಾ ಹಾಲ್‌ನ ಮೇಲೆ ಆಗಲೇ ಯಾರೋ ದೂರು ಕೊಟ್ಟಿದ್ದರು. "ಸಿಸ್ಟರ್, ನಮ್ಮ ಕರ್ತ ಯೇಸು ಶತ್ರುಗಳನ್ನೂ ಕ್ಷಮಿಸಿದ್ರು. ನೀವೂ ಆನಂದ್‌ನ ಕ್ಷಮಿಸಿ ಬಿಟ್ಬಿಡಿ."

"ಕ್ಷಮಿಸಾಕ ನೋಡ್ತೀನ್ರಿ. ಇನ್ನೂ ಆಗವಲ್ದು. ಆದ್ರೂ ಸುಳ್ಳು ಸುಳ್ಳಽ ಅಲ್ರಿ."

ಮುಂದಿನ ವಾರ ಅವಳು ನೀರಲ್ಲಿ ಮುಳುಗಿ ಕ್ರೈಸ್ತಳಾಗುವ ದೀಕ್ಷಾಸ್ನಾನ ಬೇಕೆಂದು ಕೇಳಿದಾಗ, ಈ ಸ್ಟೇಷನ್ ಓಡಾಟ ಮುಗಿಯುವವರೆಗೆ ಕಾಯಿರಿ ಎಂದು ಪಾಸ್ಟರ್ ಹೇಳಲಿಲ್ಲ. ಹಾಲ್‌ನ ತಾರಸಿಯ ಮೇಲೆ ಸಿಮೆಂಟಿನ ತೊಟ್ಟಿಗೆ ನೀರು ತುಂಬಿಸಿದರು. ತೊಟ್ಟಿಯ ಅಂಚಿಗೆ ಬಂದು ಗುರವ್ವ ನಿಂತುಬಿಟ್ಟಳು. ತಲೆ ಮೇಲೆ ಸ್ವಲ್ಪ ನೀರು ಚಿಮುಕಿಸಿದರೂ ಸಾಕು ಎಂದು ಪಾಸ್ಟರ್ ಮೆಲ್ಲಗೆ ಹೇಳಿದರು. ಅವಳು ಅವರ ಕೈ ಸರಿಸಿದಳು.

"ಅಂವನ್ನ ಇಳಿಸಿದ್ರು. ನನ್ನ ಯಾರೂ ಇಳಿಸಬ್ಯಾಡ್ರಿ. ನಾನಽ ಇಳೀತೀನಿ."

ಎದೆಮಟ್ಟದ ನೀರಿನಲ್ಲಿ ಪೂರ್ತಿ ಮುಳುಗಿ ಎದ್ದಳು. ಅತ್ತಳು. ಗಂಡ ಸತ್ತ ಮೇಲೆ ಜನರೆದುರು ಅವಳು ಅತ್ತದ್ದು ಅದೇ ಮೊದಲು.

ಸುದ್ದಿ ಆನಂದನ ಕಿವಿಗೆ ಬಿತ್ತು. ಸೋಮವಾರ ಅವನೂ ಸ್ಟೇಷನ್ನಿಗೆ ಬಂದಿದ್ದ. "ಸಾರ್, ಇವಳು ಮತ ಬದಲಾಯಿಸಿದಾಳೆ. ಆ ಪ್ರಾರ್ಥನಾ ಹಾಲ್‌ನೋರು ದುಡ್ಡು ಕೊಟ್ಟು ಇವಳ ಕೈಲಿ ಇದೆಲ್ಲ ಮಾಡಿಸ್ತಿದಾರೆ."

ಇನ್ಸ್‌ಪೆಕ್ಟರ್ ಅವಳ ಕಡೆ ನೋಡಿದರು. "ಹೌದೇನಮ್ಮ? ಕ್ರಿಶ್ಚಿಯನ್ ಆದ್ಯಾ?"

"ಹೌದ್ರಿ ಸಾಹೇಬ್ರ. ಯಾರೂ ನನಗ ಒಂದು ರೂಪಾಯಿ ಕೊಟ್ಟಿಲ್ಲ. ನನ್ನ ಗಂಡನ್ನ ಗುಂಡಿಗೆ ಇಳಿಸುವಾಗ ಇಂವ ನಿನ್ನ ದೇವರು ಯಾರು ಅಂತ ಕೇಳಿರಲಿಲ್ಲ. ಜಾತಿ ಗೊತ್ತಿತ್ತು, ಅಷ್ಟಽ ಸಾಕಾಗಿತ್ತು. ಈಗ ಯಾಕ ಕೇಳ್ತಾನ?"

"ನೋಡಿದೋರು ಯಾರಾದ್ರೂ ಇದ್ರೆ ಕರ್ಕೊಂಡ್ ಬಾ," ಎಂದರು ಇನ್ಸ್‌ಪೆಕ್ಟರ್.

ನೋಡಿದವನು ಒಬ್ಬನೇ. ಹುಡುಕುತ್ತಾ ಹೋದ ಗುರವ್ವನಿಗೆ ಕೊಟ್ರಪ್ಪ ದೀಪಾಂಜಲಿ ನಗರದ ಒಂದು ಗುಜರಿ ಅಂಗಡಿಯಲ್ಲಿ ಸಿಕ್ಕಿದ. ಅವಳನ್ನು ಕಂಡು ತಲೆ ತಗ್ಗಿಸಿದ.

"ಅಕ್ಕಾ, ನಾ ಹಗ್ಗ ಬಿಟ್ಟು ಓಡಿದೆ."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಮುಷ್ಟಿ ಕಟ್ಟಿಕೊಂಡು ನಿಂತಳು. ಇಂಥದ್ದೇ ಒಂದು ಹೊತ್ತಿಗೆ ತನ್ನನ್ನು ಬಿಟ್ಟು ಓಡಿಹೋದ ಶಿಷ್ಯರನ್ನು ಯೇಸು ಮತ್ತೆ ಹತ್ತಿರ ಕರೆದನೆಂದು ಅಣ್ಣಮ್ಮ ಹೇಳಿದ್ದು ನೆನಪಾಯಿತು.

"ಓಡಿದ್ದು ಬಿಟ್ಟೀನಿ ತಮ್ಮಾ. ಅದನ್ನ ನಾ ಮತ್ತ ಎತ್ತೂದಿಲ್ಲ. ಆದ್ರ ಈಗ ಓಡಬ್ಯಾಡ."

ಎರಡು ವಾರ ಅವನು ಬರಲಿಲ್ಲ. ಅವಳು ಬೆಂಚು ಬಿಡಲಿಲ್ಲ. ಮೂರನೆಯ ವಾರ ಕೊಟ್ರಪ್ಪ ಬಂದು ಅವಳ ಪಕ್ಕ ಕೂತ. ವಿಠ್ಠಲ ಬೇಡವೆಂದರೂ ಆನಂದ್ ಇಳಿಯಲು ಹೇಳಿದ್ದು, ಕೆಲಸದಿಂದ ತೆಗೆಯುತ್ತೇನೆಂದು ಹೆದರಿಸಿದ್ದು, ಎಲ್ಲವನ್ನೂ ಹೇಳಿದ. ಈ ಸಲ ಬರೆದುಕೊಂಡರು.

ಆನಂದನ ಮೇಲೆ ಕೇಸಾಯಿತು. ಒಳಗೆ ಹೋದ, ಹನ್ನೊಂದು ದಿನಕ್ಕೆ ಜಾಮೀನಿನ ಮೇಲೆ ಹೊರಬಂದ. ಕೋರ್ಟು ಇನ್ನೂ ನಡೆದಿದೆ. ಆದರೆ ವಿಠ್ಠಲ ಕುಡಿದು ತಾನಾಗೇ ಇಳಿದ ಎಂಬ ಮಾತು ದಾಖಲೆಯಿಂದ ಹೋಗಿದೆ.

ಹೋದ ತಿಂಗಳು ಕೆಂಗೇರಿಯ ಹತ್ತಿರ ಇನ್ನೊಬ್ಬ ಹೀಗೆಯೇ ಸತ್ತ. ಗುರವ್ವ ಕೆಲಸಕ್ಕೆ ರಜೆ ಹಾಕಿ ಆ ಮನೆ ಹುಡುಕಿಕೊಂಡು ಹೋದಳು. ಹೆಂಡತಿ ಪುಟ್ಟಲಕ್ಷ್ಮಿಗೆ ಇಪ್ಪತ್ತಾರು ವರ್ಷ. ಗುರವ್ವನ ಕುತ್ತಿಗೆಯ ಶಿಲುಬೆ ನೋಡಿ ಅವಳು ಮುಖ ತಿರುಗಿಸಿದಳು.

"ನಿಮ್ ದೇವ್ರು ನಿಮ್ ಗಂಡನ್ನ ವಾಪಸ್ ಕೊಟ್ನಾ?"

"ಇಲ್ಲವ್ವಾ. ಕೊಟ್ಟಿಲ್ಲ. ಅದಕ್ಕ ಅವನ ಕೂಡ ಇನ್ನೂ ಜಗಳ ಐತಿ ನಂದು," ಎಂದು ಗುರವ್ವ ಅವಳ ಪಕ್ಕ ಕೂತಳು. "ನಾ ಇವತ್ತು ಪ್ರಾರ್ಥನಾ ಮಾಡಾಕ ಬಂದಿಲ್ಲ. ನಾಳೆ ಸ್ಟೇಷನ್ನಿಗೆ ನಿನ್ನ ಸಂಗಾಟ ಬರ್ತೀನಿ. ಭಾಳ ಹೊತ್ತು ಕುಂಡ್ರಸ್ತಾರ. ಹೊಟ್ಟಿ ತುಂಬ ಉಂಡು ಬಾ."